ಮಡಕೆಯೂ ಹುತ್ತವೂ



ಎರಡು ಪದಗಳಿಂದ ಮಾತು ಶುರು ಮಾಡುತ್ತೇನೆ. ದಿನ ಬೆಳಗಾದರೆ ನಮ್ಮ ಕಿವಿಗೆ ಬೀಳುವ ಪದಗಳೇ ಅವು. ಒಂದು ‘ಅನುಮಾನ’, ಇನ್ನೊಂದು ‘ಪ್ರಮಾಣ’. ‘ಅವನ ಮೇಲೆ ನನಗೆ ಅನುಮಾನ’ ಎಂದರೆ ನಂಬಿಕೆ ಸಾಲದು ಎಂದರ್ಥ. ‘ದೇವರ ಮುಂದೆ ಪ್ರಮಾಣ ಮಾಡು’ ಎಂದರೆ ಆಣೆ ಇಡು ಎಂದರ್ಥ. ಶಾಸ್ತ್ರದ ಮನೆಯಲ್ಲಿ ಇವೆರಡರ ಅರ್ಥವೇ ಬೇರೆ. ಅಲ್ಲಿ ಪ್ರಮಾಣ ಎಂದರೆ ಸರಿಯಾದ ಅರಿವನ್ನು ಕೊಡುವ ದಾರಿ. ಅನುಮಾನ ಎಂದರೆ ಕಂಡದ್ದನ್ನು ಹಿಡಿದು ಕಾಣದ್ದನ್ನು ತಿಳಿಯುವುದು. ಗುಡ್ಡದ ಮೇಲೆ ಹೊಗೆಯೆದ್ದರೆ ಅಲ್ಲಿ ಬೆಂಕಿಯಿದೆ ಎನ್ನುತ್ತೇವಲ್ಲ, ಅದು ಅನುಮಾನ. ಖಚಿತವಾಗಿ ತಿಳಿಯುವ ದಾರಿಯೊಂದರ ಹೆಸರು ಕನ್ನಡದ ಬಾಯಲ್ಲಿ ಸಂಶಯದ ಹೆಸರಾಗಿ ತಿರುಗಿತು. ದೇವರಿದ್ದಾನೆ ಎನ್ನಲು ಪಂಡಿತರು ಹುಡುಕಿದ ಪ್ರಮಾಣ, ಊರಿನಲ್ಲಿ ದೇವರ ಎದುರು ನಿಂತು ಮಾಡುವ ಪ್ರಮಾಣವಾಯಿತು. ಇವತ್ತು ನಾನು ಹೇಳಹೊರಟಿರುವ ಸಂಗತಿ ಈ ಎರಡು ಪದಗಳ ನಡುವೆಯೇ ಓಡಾಡುತ್ತದೆ.

ಸಣ್ಣ ಊರೊಂದರ ಕಾಲೇಜಿನಲ್ಲಿ ಮೂವತ್ತು ವರ್ಷ ತತ್ತ್ವಶಾಸ್ತ್ರ ಪಾಠ ಮಾಡಿದವನು ನಾನು. ಒಂದು ಮಧ್ಯಾಹ್ನ ಡೇವಿಡ್ ಹ್ಯೂಮ್‌ನ ವಾದಗಳನ್ನು ಬಿಡಿಸಿ ಹೇಳುತ್ತಿದ್ದೆ. ದೇವರ ಇರವಿಗೆ ಕೊಡುವ ಕಾರಣಗಳು ಎಲ್ಲೆಲ್ಲಿ ಸಡಿಲ ಎಂದು ಹಲಗೆಯ ಮೇಲೆ ಬರೆದು ತೋರಿಸಿದ್ದಾಗಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸರ್, ಇಷ್ಟೆಲ್ಲ ಹೇಳಿ ಸಂಜೆ ನೀವು ದೇವಸ್ಥಾನಕ್ಕೆ ಹೇಗೆ ಹೋಗ್ತೀರಿ?” ಎಂದ. ಮಾತಿನಲ್ಲಿ ಕುಹಕವಿರಲಿಲ್ಲ. ಅವನಿಗೆ ನಿಜಕ್ಕೂ ತಿಳಿಯಬೇಕಿತ್ತು. ಇಡೀ ತರಗತಿ ನನ್ನ ಮುಖ ನೋಡಿತು. “ನಾಳೆ ಬೆಳಿಗ್ಗೆ ಎಲ್ಲರೂ ಕುಂಬಾರ ಬೀದಿಗೆ ಬನ್ನಿ, ಅಲ್ಲಿ ಮಾತಾಡೋಣ” ಎಂದೆ.

ಅಲ್ಲಿಗೇ ಕರೆದದ್ದಕ್ಕೆ ಕಾರಣವಿದೆ. ನಮ್ಮ ತರ್ಕಗ್ರಂಥಗಳಲ್ಲಿ ದೇವರ ಮಾತು ಬಂದಾಗಲೆಲ್ಲ ಪಕ್ಕದಲ್ಲಿ ಒಂದು ಮಡಕೆ ಇದ್ದೇ ಇರುತ್ತದೆ. ‘ಘಟ’ ಎಂದು ನಾವೆಲ್ಲ ಉರು ಹೊಡೆದವರು. ಆದರೆ ಮಡಕೆ ಏಳುವುದನ್ನು ಹತ್ತಿರ ಕೂತು ನೋಡಿದವರು ಕಡಿಮೆ. ಆ ಬೆಳಿಗ್ಗೆ ಹನ್ನೊಂದು ಮಂದಿ ಹುಡುಗ ಹುಡುಗಿಯರು ಮತ್ತು ನಾನು ಒಂದು ಜಗಲಿಯ ಮೇಲೆ ಸಾಲಾಗಿ ಕೂತೆವು. ಕೆರೆಯಿಂದ ತಂದ ಮಣ್ಣನ್ನು ಮನೆಯಾಕೆ ಕಲ್ಲು ಬೇರು ಆರಿಸಿ, ಬೂದಿ ಬೆರೆಸಿ, ಕಾಲಿನಿಂದ ತುಳಿದು ಹದ ಮಾಡಿಟ್ಟಿದ್ದರು. ಯಜಮಾನರು ಕೋಲು ಕೊಟ್ಟು ತಿಗರಿಯನ್ನು ತಿರುಗಿಸಿ ಬಿಟ್ಟು, ಮಣ್ಣಿನ ಮುದ್ದೆಯ ನಟ್ಟನಡುವೆ ಹೆಬ್ಬೆರಳು ಊರಿದರು. ಮಣ್ಣು ಎದ್ದು ನಿಂತಿತು. ಬಾಯಿ ತೀಡಿ, ದಾರದಿಂದ ಬುಡ ಕೊಯ್ದು ಇಳಿಸಿದರು. ಹಿಂದಿನ ದಿನ ಮಾಡಿಟ್ಟು ಅರೆ ಆರಿದ್ದ ಮಡಕೆಗಳನ್ನು ಮಗ ತೊಡೆಯ ಮೇಲಿಟ್ಟುಕೊಂಡು, ಒಳಗೊಂದು ನುಣುಪು ಕಲ್ಲು ಒತ್ತಿ ಹಿಡಿದು, ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟುತ್ತಿದ್ದ. ತಟ್ಟಿದಷ್ಟೂ ಮಡಕೆಯ ಹೊಟ್ಟೆ ಹಿಗ್ಗುತ್ತಿತ್ತು.

ನಾನು ಕೇಳಿದೆ: “ನೀವು ಮಾಡುವುದನ್ನು ನೋಡದೆ ಇದ್ದವರಿಗೆ, ಇದನ್ನು ಒಬ್ಬರು ಮಾಡಿದ್ದಾರೆ ಅಂತ ಹೇಗೆ ಗೊತ್ತಾಗುತ್ತೆ ಯಜಮಾನರೇ?”

ಅವರು ತಿಗರಿಯಿಂದ ಕಣ್ಣು ತೆಗೆಯದೆ ಹೇಳಿದರು: “ಗೊತ್ತಾಗದೆ ಏನು ಮೇಷ್ಟ್ರೇ, ತಾನಾಗೇ ಏಳೋಕೆ ಇದೇನು ಹುತ್ತವಾ?”

ಆ ಮಾತು ಕೇಳಿ ನನ್ನ ಮೈ ಜುಮ್ಮೆಂದಿತು. ಏಕೆಂದು ಆಮೇಲೆ ಹೇಳುತ್ತೇನೆ.

ಸುಮಾರು ಸಾವಿರ ವರ್ಷದ ಹಿಂದೆ ಮಿಥಿಲೆಯಲ್ಲಿ ಉದಯನಾಚಾರ್ಯರು ಎಂಬ ನೈಯಾಯಿಕರು, ಅಂದರೆ ನ್ಯಾಯವೆಂಬ ತರ್ಕದರ್ಶನದ ಪಂಡಿತರು, ಇದ್ದರು. ದೇವರಿದ್ದಾನೆ ಎಂದು ತರ್ಕದಿಂದಲೇ ತೋರಿಸಬೇಕೆಂದು ಅವರು ಬರೆದ ಗ್ರಂಥ ‘ನ್ಯಾಯಕುಸುಮಾಂಜಲಿ’. ತರ್ಕದ ಹೂವುಗಳನ್ನು ಬೊಗಸೆಯಲ್ಲಿ ತುಂಬಿ ದೇವರಿಗೆ ಅರ್ಪಿಸುತ್ತಿದ್ದೇನೆ ಎಂಬುದು ಹೆಸರಿನ ಭಾವ. ಗ್ರಂಥದಲ್ಲಿ ಐದು ಸ್ತಬಕಗಳು, ಅಂದರೆ ಐದು ಗೊಂಚಲುಗಳು. ಎದುರಾಳಿಗಳ ಆಕ್ಷೇಪಗಳಿಗೆ ಉತ್ತರ ಕೊಟ್ಟು ಮುಗಿಸಿ, ತಮ್ಮ ಸಾಧನೆಗಳನ್ನು ಅವರು ಮುಂದಿಡುವುದು ಐದನೆಯದರಲ್ಲಿ. ಬಿಡಿಭಾಗಗಳು ಕೂಡಿ ಆದದ್ದೆಲ್ಲ ಕಾರ್ಯ, ಮಡಕೆಯ ಹಾಗೆ; ಕಾರ್ಯವಿದ್ದಲ್ಲಿ ಕರ್ತನಿರಬೇಕು, ಕುಂಬಾರನ ಹಾಗೆ; ಭೂಮಿಯೂ ಕಾರ್ಯ, ಆದ್ದರಿಂದ ಅದಕ್ಕೂ ಕರ್ತನಿದ್ದಾನೆ. ಅಣು ಅಣುವನ್ನೂ ಜೀವಿಗಳ ಪಾಪಪುಣ್ಯಗಳನ್ನೂ ಬಲ್ಲವನಲ್ಲದೆ ಇನ್ನಾರೂ ಆ ಕರ್ತನಾಗಲಾರ. ಇದು ಮೊದಲನೆಯ ಸಾಧನೆ. ಎರಡು ಅಣುಗಳು ಸೇರಬೇಕಾದರೆ ಮೊದಲ ಚಲನೆ ಎಲ್ಲಿಂದ ಬಂತು ಎಂಬುದು ಇನ್ನೊಂದು. ಲೋಕ ಕುಸಿದು ಬೀಳದಂತೆ ಹಿಡಿದವರು ಯಾರು ಎಂಬುದು ಮತ್ತೊಂದು. ನನಗೆ ಬಹಳ ಇಷ್ಟವಾದದ್ದು ಎಣಿಕೆಯ ವಾದ. ನ್ಯಾಯಮತದಲ್ಲಿ ‘ಎರಡು’ ಎನ್ನುವುದು ವಸ್ತುವಿನಲ್ಲಿ ತಾನಾಗಿ ಇರುವುದಿಲ್ಲ. ಇದೊಂದು, ಇದೊಂದು ಎಂದು ಎಣಿಸುವ ಬುದ್ಧಿ ಬೇಕು. ಲೋಕದ ಮೊದಲ ಎರಡು ಅಣುಗಳು ಜೋಡಿಯಾದಾಗ ಮನುಷ್ಯರೇ ಇರಲಿಲ್ಲವಲ್ಲ, ಹಾಗಾದರೆ ಎಣಿಸಿದವರು ಯಾರು? ಈ ಪ್ರಶ್ನೆಯ ಮುಂದೆ ನಾನು ಎಷ್ಟೋ ರಾತ್ರಿ ಸುಮ್ಮನೆ ಕೂತಿದ್ದೇನೆ.

ಇನ್ನೂ ಒಂದಿದೆ. ಮಡಕೆ ಮಾಡುವ, ಬಟ್ಟೆ ನೇಯುವ ವಿದ್ಯೆಗಳನ್ನು ಒಬ್ಬರಿಂದ ಒಬ್ಬರು ಕಲಿತು ಬಂದಿದ್ದಾರೆ. ಕಲಿಸಿದವನಿಗೆ ಕಲಿಸಿದವನು ಯಾರು ಎಂದು ಹಿಂದಕ್ಕೆ ಹೋಗುತ್ತ ಹೋದರೆ ಯಾರಿಂದಲೂ ಕಲಿಯದೆ ಕಲಿಸಿದ ಒಬ್ಬ ಗುರು ಬೇಕಾಗುತ್ತದೆ. ಸೃಷ್ಟಿಯ ಮೊದಲಲ್ಲಿ ದೇವರೇ ಕುಂಬಾರನ ಮೈ ತೊಟ್ಟು ಬಂದು ಮಡಕೆ ಮಾಡುವುದನ್ನು ತೋರಿಸಿಕೊಟ್ಟ ಎನ್ನುತ್ತದೆ ಆ ಪಕ್ಷ. ಮಣ್ಣು ಮೆತ್ತಿದ ಆ ಯಜಮಾನರ ಕೈಗಳನ್ನು ನೋಡುತ್ತ ಈ ವಾದವನ್ನು ಹೇಳಿದಾಗ ತರಗತಿಯಲ್ಲಿ ಎಂದೂ ಬರದ ನಿಶ್ಶಬ್ದ ಅಲ್ಲಿ ಬಂತು.

ಈಗ ಹುತ್ತದ ಮಾತಿಗೆ ಬರೋಣ. ಏಳನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮಕೀರ್ತಿ ‘ಪ್ರಮಾಣವಾರ್ತಿಕ’ದಲ್ಲಿ ಮಡಕೆಯ ಎದುರಿಗೆ ತಂದಿಟ್ಟದ್ದು ಇದೇ ಹುತ್ತವನ್ನು. ಮಡಕೆಯೂ ಮಣ್ಣು, ಹುತ್ತವೂ ಮಣ್ಣು. ಎರಡಕ್ಕೂ ಒಂದು ಆಕಾರವಿದೆ. ಹಾಗೆಂದು ಹುತ್ತವನ್ನು ಕುಂಬಾರ ಮಾಡಿದ ಎನ್ನುತ್ತೀರಾ? ಯಾವ ಬಗೆಯ ರಚನೆಯನ್ನು ಯಾರು ಮಾಡುತ್ತಾರೆ ಎಂದು ಕಂಡಿದ್ದೇವೆಯೋ ಆ ಬಗೆಯದಕ್ಕೆ ಮಾತ್ರ ಅನುಮಾನ ನಡೆಯುತ್ತದೆ. ‘ರಚನೆ’ ಎಂಬ ಒಂದೇ ಪದ ಎರಡಕ್ಕೂ ಸಲ್ಲುತ್ತದೆಂದು ಮಾಡಿದವನೂ ಒಬ್ಬನೇ ಎನ್ನಲಾಗದು. ಹೊಗೆ ಬೆಳ್ಳಗಿದೆ ಎಂದು ಬೆಳ್ಳಗಿರುವುದನ್ನೆಲ್ಲ ಕಂಡು ಬೆಂಕಿಯಿದೆ ಎಂದ ಹಾಗೆ ಆದೀತು. ಮಲೆನಾಡಿನ ಬೆಳಗಿನ ಮಂಜನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ತರ್ಕವನ್ನೇ ಓದದ ಒಬ್ಬರ ಬಾಯಲ್ಲಿ ಮಡಕೆ ಮತ್ತು ಹುತ್ತ ಎರಡೂ ಒಟ್ಟಿಗೆ ಬಂದವಲ್ಲ, ನನ್ನ ಮೈ ಜುಮ್ಮೆಂದದ್ದು ಅದಕ್ಕೆ. ಯಜಮಾನರು ಅದನ್ನು ಉದಯನರ ಪರವಾಗಿ ಹೇಳಿದ್ದರು. ಧರ್ಮಕೀರ್ತಿ ಅದನ್ನೇ ತಿರುಗಿಸಿ ಹಿಡಿದಿದ್ದ: ಈ ಲೋಕ ಮಡಕೆಯ ಜಾತಿಗೆ ಸೇರಿದ್ದೋ, ಹುತ್ತದ ಜಾತಿಗೆ ಸೇರಿದ್ದೋ?

ಬೌದ್ಧ ಹೀಗೆ ಕೇಳಿದ್ದರಲ್ಲಿ ಆಶ್ಚರ್ಯವಿಲ್ಲ ಎನ್ನಬಹುದು. ನಮ್ಮ ನೆಲದ ಜೈನಾಚಾರ್ಯರೂ ಕೇಳಿದರು. ಕಾಗಿಣಾ ನದಿಯ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷನ ಗುರುಗಳಾದ ಜಿನಸೇನಾಚಾರ್ಯರು ಸಂಸ್ಕೃತದಲ್ಲಿ ‘ಆದಿಪುರಾಣ’ ಬರೆದರು. ಮುಂದೆ ನಮ್ಮ ಪಂಪ ಕನ್ನಡದಲ್ಲಿ ಆದಿಪುರಾಣ ಕಟ್ಟಿದ್ದು ಆ ಗ್ರಂಥದ ಬುನಾದಿಯ ಮೇಲೆ. ಜಿನಸೇನರ ಪ್ರಶ್ನೆಗಳು ನೇರ. ಲೋಕವನ್ನು ಮಾಡುವ ಮೊದಲು ಮಾಡಿದವನು ಎಲ್ಲಿದ್ದ? ಯಾವ ಸಾಮಗ್ರಿಯಿಂದ ಮಾಡಿದ? ಆ ಸಾಮಗ್ರಿಯನ್ನು ಮಾಡಿದವರು ಯಾರು? ಅವನು ಪೂರ್ಣನಾಗಿದ್ದರೆ ಮಾಡಬೇಕೆಂಬ ಬಯಕೆ ಏಕೆ ಹುಟ್ಟಿತು? ಪೂರ್ಣನಲ್ಲದಿದ್ದರೆ, ಒಬ್ಬ ಕುಂಬಾರ ಲೋಕವನ್ನು ಮಾಡಲಾರದ ಹಾಗೆ ಅವನೂ ಮಾಡಲಾರ. ಇಲ್ಲಿಯೂ ಕುಂಬಾರ ಬಂದ.

ನನಗೆ ನಿಜಕ್ಕೂ ದೊಡ್ಡದೆನಿಸುವುದು ಇದರ ಮುಂದಿನ ಸಂಗತಿ. ದೇವರ ಸಾಧನೆಗೆ ಅತಿ ಬಲವಾದ ಪೆಟ್ಟು ಕೊಟ್ಟವರ ಸಾಲಿನಲ್ಲಿ ಭಕ್ತರೇ ಇದ್ದಾರೆ. ವೇದದ ಒಂದು ಅಕ್ಷರವನ್ನೂ ಬಿಟ್ಟುಕೊಡದ ಮೀಮಾಂಸಕ ಕುಮಾರಿಲ ಭಟ್ಟರು ಏಳನೆಯ ಶತಮಾನದಲ್ಲೇ ಸೃಷ್ಟಿಕರ್ತನ ಕಲ್ಪನೆಯನ್ನು ತಳ್ಳಿಹಾಕಿದರು. ಕರುಣೆಯಿಂದ ಸೃಷ್ಟಿಸಿದ ಎಂದರೆ, ಆಗ ಕರುಣೆ ತೋರಿಸಲು ಯಾರಿದ್ದರು ಎಂದು ಅವರು ಕೇಳಿದರು. ಆಮೇಲೆ ನಮ್ಮ ಮೇಲುಕೋಟೆಯಲ್ಲಿ ಬಾಳಿ, ಚೆಲುವನಾರಾಯಣನ ಸೇವೆಯನ್ನು ನೆಲೆಗೊಳಿಸಿದರೆಂದು ಸಂಪ್ರದಾಯ ನೆನೆಯುವ ರಾಮಾನುಜಾಚಾರ್ಯರು. ಬ್ರಹ್ಮಸೂತ್ರಕ್ಕೆ ಅವರು ಬರೆದ ‘ಶ್ರೀಭಾಷ್ಯ’ದಲ್ಲಿ ಮೂರನೆಯ ಸೂತ್ರದ ವಿಚಾರ ಓದಿದವರು ಬೆರಗಾಗದೆ ಇರಲಾರರು. ನಾರಾಯಣನಲ್ಲದೆ ಬೇರೆ ಗತಿಯಿಲ್ಲ ಎಂದು ಶರಣಾದವರು, ಮಡಕೆಯಿಂದ ದೇವರನ್ನು ಸಾಧಿಸುವ ವಾದವನ್ನು ಎಳೆ ಎಳೆಯಾಗಿ ಬಿಚ್ಚಿಡುತ್ತಾರೆ. ಭೂಮಿ, ಬೆಟ್ಟ, ಸಮುದ್ರಗಳೆಲ್ಲ ಒಂದೇ ಕಾಲದಲ್ಲಿ ಆದವು ಎನ್ನುವುದಕ್ಕೆ ಏನು ಆಧಾರ? ಒಬ್ಬನೇ ಮಾಡಿದ ಎನ್ನುವುದಕ್ಕೆ ಏನು ಆಧಾರ? ರಥವನ್ನೂ ಅರಮನೆಯನ್ನೂ ಹಲವರು ಕೂಡಿ ಕಟ್ಟುವುದನ್ನೇ ನಾವು ಕಂಡಿದ್ದೇವೆ. ಕುಂಬಾರನನ್ನು ಹೋಲಿಸಿ ಹೊರಟರೆ, ಸಿಗುವ ಕರ್ತನೂ ಕುಂಬಾರನ ಹಾಗೆ ಮೈಯುಳ್ಳವನು, ಅಲ್ಪವನ್ನು ಬಲ್ಲವನು, ಕರ್ಮಕ್ಕೆ ಸಿಕ್ಕಿದವನು ಆಗಬೇಕಾಗುತ್ತದೆ. ಹೋಲಿಕೆ ಹತ್ತಿರವಾದಷ್ಟೂ ದೇವರು ಸಣ್ಣವನಾಗುತ್ತಾನೆ.

ಇದನ್ನು ಹೇಳುವಾಗ ಎದುರಿಗೇ ಕಾಣುತ್ತಿತ್ತು. ಆ ಮಡಕೆಯನ್ನು ಒಬ್ಬರೇ ಮಾಡಿರಲಿಲ್ಲ. ಮನೆಯಾಕೆ ತುಳಿದ ಮಣ್ಣು, ಯಜಮಾನರು ಎಬ್ಬಿಸಿದ ಆಕಾರ, ಮಗ ತಟ್ಟಿದ ಹೊಟ್ಟೆ. ಮಣ್ಣು ಮೂವರದೂ ಅಲ್ಲ, ಕೆರೆಯದು.

ರಾಮಾನುಜರಾದ ಮೇಲೆ ಆರು ಶತಮಾನ ಕಳೆದು, ಸ್ಕಾಟ್ಲೆಂಡಿನಲ್ಲಿ ಡೇವಿಡ್ ಹ್ಯೂಮ್ ಬರೆದ ಸಂವಾದಗಳು ಅವನು ತೀರಿಕೊಂಡ ಮೂರು ವರ್ಷದ ಮೇಲೆ, 1779ರಲ್ಲಿ, ಅಚ್ಚಾದವು. ಒಂದು ಮನೆಯನ್ನು, ಒಂದು ಹಡಗನ್ನು ಹಲವು ಜನ ಕೂಡಿ ಕಟ್ಟುತ್ತಾರಲ್ಲ, ಲೋಕವನ್ನೂ ಹಲವು ದೇವತೆಗಳು ಕೂಡಿ ಕಟ್ಟಿರಬಾರದೇಕೆ ಎಂದು ಅಲ್ಲಿನ ಒಂದು ಪಾತ್ರ ಕೇಳುತ್ತದೆ. ಲೋಕಗಳು ಆಗುವುದನ್ನು ನಾವು ಎಂದಾದರೂ ಕಂಡಿದ್ದೇವೆಯೇ ಎಂದೂ ಕೇಳುತ್ತದೆ. ಮೇಲುಕೋಟೆಯ ಯತಿಗಳಿಗೂ ಎಡಿನ್‌ಬರೋದ ಸಂಶಯವಾದಿಗೂ ಹೊಳೆದ ಕೊರತೆ ಒಂದೇ. ಹ್ಯೂಮ್‌ನ ಕೈಯಲ್ಲಿ ಅದು ನಂಬಿಕೆಯ ಬುಡ ಅಲುಗಿಸಿತು. ರಾಮಾನುಜರ ಕೈಯಲ್ಲಿ ಅದು ನಂಬಿಕೆ ಎಲ್ಲಿ ನಿಂತಿದೆ ಎಂದು ತೋರಿಸಿತು. ದೇವರನ್ನು ತಿಳಿಯಲು ಶಾಸ್ತ್ರವೇ ದಾರಿ, ಒಂಟಿ ಅನುಮಾನ ಅಲ್ಲಿಗೆ ಮುಟ್ಟದು ಎಂಬುದು ಅವರ ನಿಲುವು. ಶಂಕರರು, ರಾಮಾನುಜರು, ಉಡುಪಿಯ ಮಧ್ವಾಚಾರ್ಯರು, ಈ ಮೂವರೂ ಜೀವ ಜಗತ್ತುಗಳ ವಿಷಯದಲ್ಲಿ ಪರಸ್ಪರ ಒಪ್ಪದವರು. ಶಾಸ್ತ್ರದ ಆಸರೆಯಿಲ್ಲದ ತರ್ಕ ದೇವರನ್ನು ತಲುಪಿಸದು ಎಂಬಲ್ಲಿ ಮಾತ್ರ ಮೂವರದೂ ಒಂದೇ ದನಿ.

ಪಡುವಣದಲ್ಲೂ ಇಂಥದೇ ಒಂದು ಘಟನೆ ನಡೆಯಿತು. 1077–78ರ ಹೊತ್ತಿಗೆ, ನಾರ್ಮಂಡಿಯ ಬೆಕ್ ಎಂಬಲ್ಲಿನ ಮಠದಲ್ಲಿ ಆನ್ಸೆಲ್ಮ್ ಎಂಬ ಸನ್ಯಾಸಿ ಒಂದು ಪ್ರಾರ್ಥನೆಯ ರೂಪದಲ್ಲಿ ತನ್ನ ವಾದ ಬರೆದ. ಯಾವುದಕ್ಕಿಂತ ದೊಡ್ಡದನ್ನು ಊಹಿಸಲಾಗದೋ ಅದೇ ದೇವರು. ಬರೀ ಮನಸ್ಸಿನಲ್ಲಿರುವುದಕ್ಕಿಂತ ನಿಜವಾಗಿ ಇರುವುದು ದೊಡ್ಡದು. ಆದ್ದರಿಂದ ದೇವರು ನಿಜವಾಗಿ ಇರಲೇಬೇಕು. ಗೌನಿಲೋ ಎಂಬ ಇನ್ನೊಬ್ಬ ಸನ್ಯಾಸಿ ಒಪ್ಪಲಿಲ್ಲ. ಹಾಗಾದರೆ ಯಾವುದಕ್ಕಿಂತ ಚೆಲುವಾದ ದ್ವೀಪವನ್ನು ಊಹಿಸಲಾಗದೋ ಅಂಥ ದ್ವೀಪವೂ ಸಮುದ್ರದಲ್ಲಿ ಎಲ್ಲೋ ಇರಬೇಕಲ್ಲವೇ ಎಂದ. ಆನ್ಸೆಲ್ಮ್ ಉತ್ತರ ಬರೆದ. ಮುಂದೆ ತನ್ನ ಗ್ರಂಥವನ್ನು ಪ್ರತಿ ಮಾಡುವವರು ಆ ಆಕ್ಷೇಪವನ್ನೂ ಉತ್ತರವನ್ನೂ ಜೊತೆಗೇ ಬರೆಯಬೇಕು ಎಂದು ಹೇಳಿಟ್ಟ. ತನ್ನ ಪುಸ್ತಕದೊಳಗೆ ತನ್ನ ಎದುರಾಳಿಗೆ ಮಣೆ ಹಾಕಿ ಕೂರಿಸಿದ ಆ ಮನಸ್ಸಿಗೆ ನಾನು ತಲೆಬಾಗುತ್ತೇನೆ. ಆ ವಾದಕ್ಕೆ ಏಳುನೂರು ವರ್ಷದ ಮೇಲೆ ಇಮಾನ್ಯುಯಲ್ ಕಾಂಟ್ ಕೊಟ್ಟ ಉತ್ತರ ಹೆಸರಾದದ್ದು. ಮನಸ್ಸಿನಲ್ಲಿರುವ ನೂರು ನಾಣ್ಯಕ್ಕೂ ಕೈಯಲ್ಲಿರುವ ನೂರು ನಾಣ್ಯಕ್ಕೂ ಲೆಕ್ಕದಲ್ಲಿ ಒಂದು ಕಾಸೂ ಹೆಚ್ಚುಕಡಿಮೆಯಿಲ್ಲ. ಲೆಕ್ಕ ಬರೆದ ಮಾತ್ರಕ್ಕೆ ಜೇಬು ತುಂಬುವುದಿಲ್ಲ.

ನಮ್ಮ ಕಾಲದ್ದೊಂದು ಹೇಳಿಬಿಡುತ್ತೇನೆ. ವಿಶ್ವಕ್ಕೆ ಒಂದು ಆರಂಭವಿತ್ತು ಎಂಬ ಮಹಾಸ್ಫೋಟದ ವಿಚಾರಕ್ಕೆ ಅಡಿಪಾಯ ಹಾಕಿದವರಲ್ಲಿ ಒಬ್ಬರು ಬೆಲ್ಜಿಯಂನ ಜಾರ್ಜ್ ಲೆಮೈತ್ರ್, ಸ್ವತಃ ಪಾದ್ರಿ. 1951ರಲ್ಲಿ ಪೋಪರು ಆ ವಿಚಾರ ಸೃಷ್ಟಿಕರ್ತನ ಇರವಿಗೆ ಆಧಾರವೆಂಬಂತೆ ಮಾತಾಡಿದಾಗ ಲೆಮೈತ್ರ್ ಒಪ್ಪಲಿಲ್ಲ. ಭೌತವಿಜ್ಞಾನದ ಸಿದ್ಧಾಂತವೊಂದರ ಮೇಲೆ ದೇವರನ್ನು ಕೂರಿಸುವುದು ವಿಜ್ಞಾನಕ್ಕೂ ಸಲ್ಲದು, ದೇವರಿಗೂ ಸಲ್ಲದು ಎಂಬ ಎಚ್ಚರ ಅವರದು. ವಿಜ್ಞಾನವೇ ದೇವರನ್ನು ಸಾಬೀತು ಮಾಡಿತು ಎಂದು ಯಾರಾದರೂ ನನಗೆ ಸಂದೇಶ ಕಳಿಸಿದಾಗಲೆಲ್ಲ ಆ ಪಾದ್ರಿಯವರ ನೆನಪಾಗುತ್ತದೆ.

‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎನ್ನುತ್ತೇವೆ. ಹಾಗಾದರೆ ಈ ವಾದಗಳನ್ನು ಒಡೆದ ಇವರೆಲ್ಲ ದೊಣ್ಣೆ ಹಿಡಿದು ಬಂದವರೇ? ಆ ಬೆಳಿಗ್ಗೆ ನಾವು ಕೂತಿದ್ದಾಗಲೇ ಒಬ್ಬ ಹೆಂಗಸು ನೀರಿನ ಗಡಿಗೆ ಕೊಳ್ಳಲು ಬಂದರು. ಒಂದೊಂದನ್ನೂ ಎತ್ತಿ, ಬೆರಳ ಗಣ್ಣಿನಿಂದ ಬಡಿದು, ಕಿವಿಗೊಟ್ಟು ಕೇಳಿದರು. ಮೂರು ಗಡಿಗೆಗಳನ್ನು ಕೆಳಗಿಟ್ಟು ನಾಲ್ಕನೆಯದನ್ನು ಒಪ್ಪಿದರು. ಯಜಮಾನರಿಗೆ ಕೋಪ ಬರಲಿಲ್ಲ. ತಾವೇ ಇನ್ನೊಂದನ್ನು ಎತ್ತಿ ಬಡಿದು, “ಇದು ಕೇಳಿ ತಾಯಿ, ಕಂಚು ನುಡಿದ ಹಾಗೆ ನುಡಿಯುತ್ತೆ” ಎಂದರು. ಮನೆಗೆ ಒಯ್ದು ನೀರು ತುಂಬಬೇಕೆಂದಿರುವವರು ಬಡಿದೇ ನೋಡುತ್ತಾರೆ. ರಾಮಾನುಜರು ಬಡಿದದ್ದು ಹಾಗೆ ಎಂದು ಆ ಹುಡುಗನಿಗೆ ಹೇಳಿದೆ.

ಅವನು ಸುಲಭಕ್ಕೆ ಬಿಡುವವನಾಗಿರಲಿಲ್ಲ. “ವಾದ ಇರಲಿ ಸರ್, ಲೋಕದಲ್ಲಿ ಇಷ್ಟು ನೋವು ಯಾಕೆ?” ಎಂದ. ಇದು ಎಲ್ಲ ಆಕ್ಷೇಪಗಳಿಗಿಂತ ಹಳೆಯದು, ಎಲ್ಲಕ್ಕಿಂತ ಭಾರವಾದದ್ದು. ಬ್ರಹ್ಮಸೂತ್ರವೇ ಇದನ್ನು ಎತ್ತಿಕೊಂಡಿದೆ: ಲೋಕದ ಏರುಪೇರು ಕಂಡರೆ ದೇವರಿಗೆ ಪಕ್ಷಪಾತವೂ ನಿರ್ದಯೆಯೂ ಅಂಟುವುದಿಲ್ಲವೇ? ಶಂಕರರ ಉತ್ತರ ಮಳೆಯದು. ಮಳೆ ಎಲ್ಲ ಹೊಲಕ್ಕೂ ಒಂದೇ. ಭತ್ತ ಭತ್ತವಾಗಿ, ಜವೆ ಜವೆಯಾಗಿ ಬೆಳೆಯುವುದು ಬೀಜದಿಂದ. ಹಾಗೆಯೇ ಸುಖದುಃಖಗಳು ಜೀವಿಯ ಕರ್ಮದಿಂದ. ತರ್ಕವಾಗಿ ಇದು ನಿಲ್ಲುತ್ತದೆ. ಆದರೆ ನನ್ನ ತಂಗಿಯ ಮಗ ಒಂಬತ್ತನೆಯ ವಯಸ್ಸಿನಲ್ಲಿ ಜ್ವರ ಬಂದು ತೀರಿಕೊಂಡ. ಅವಳ ಪಕ್ಕ ಕೂತಾಗ ಬೀಜದ ಮಾತು ನನ್ನ ಬಾಯಿಗೆ ಬರಲಿಲ್ಲ. ಬಂದಿದ್ದರೂ ನುಂಗಿಕೊಳ್ಳುತ್ತಿದ್ದೆ. ತಂಗಿ ಒಂದು ವರ್ಷ ದೇವರ ಮನೆಯ ದೀಪ ಹಚ್ಚಲಿಲ್ಲ. ಆಮೇಲೆ ಒಂದು ಸಂಜೆ ತಾನಾಗೇ ಹಚ್ಚಿದಳು. ಏಕೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹುಡುಗನಿಗೆ ಇಷ್ಟನ್ನು ಹೇಳಿದೆ. ಅವನ ಪ್ರಶ್ನೆಗೆ ಉತ್ತರವೆಂದು ಹೇಳಲಿಲ್ಲ.

ದೇವಸ್ಥಾನಕ್ಕೆ ಹೇಗೆ ಹೋಗ್ತೀರಿ ಎಂದು ಕೇಳಿದ್ದನಲ್ಲ, ಅದಕ್ಕೆ ಹೇಳಿದ್ದು ಬೇರೆ. ನಾನು ಅಲ್ಲಿಗೆ ಹೋಗುವುದು ಯಾವ ವಾದವೂ ಗೆದ್ದದ್ದರಿಂದಲ್ಲ. ಎಲ್ಲ ವಾದ ಗೆದ್ದಿದ್ದರೂ ಗುಡಿಯ ಹೊಸ್ತಿಲ ಬಳಿ ನನಗಾಗುವುದು ಬೇರೆಯೇ. ಹರಿಹರ ಕವಿ ಕುಂಬಾರ ಗುಂಡಯ್ಯನ ರಗಳೆ ಬರೆದಿದ್ದಾನೆ. ಗುಂಡಯ್ಯ ಮಡಕೆಯನ್ನು ಬಡಿಯುತ್ತ ಕುಣಿಯುತ್ತಾನೆ. ಆ ತಾಳಕ್ಕೆ ಮನಸೋತು ಶಿವನೇ ಇಳಿದು ಬಂದು ಕುಣಿಯುತ್ತಾನೆ. ಮಿಥಿಲೆಯಲ್ಲಿ ಮಡಕೆ ಒಂದು ಹೇತುವಾಗಿತ್ತು, ಕನ್ನಡದ ಕವಿಯ ಕೈಯಲ್ಲಿ ಅದು ವಾದ್ಯವಾಯಿತು. ನನಗೆ ಎರಡೂ ಬೇಕು. ಕುಣಿತದ ಹೆಸರಿನಲ್ಲಿ ತರ್ಕದ ಬಾಯಿ ಮುಚ್ಚಿಸುವವರನ್ನು ನಾನು ಒಪ್ಪಲಾರೆ. ಪ್ರಶ್ನೆ ಕೇಳಿದವನನ್ನು ನಾಸ್ತಿಕ ಎಂದು ಹೊರಗಿಡುವವರು ಕುಮಾರಿಲರನ್ನೂ ರಾಮಾನುಜರನ್ನೂ ಎಲ್ಲಿ ಕೂರಿಸುತ್ತಾರೆ?

ಉದಯನರ ಬಗ್ಗೆ ಪುರಿಯಲ್ಲೊಂದು ಕಥೆ ಹೇಳುತ್ತಾರೆ. ದೂರದಿಂದ ನಡೆದು ಬಂದಾಗ ಜಗನ್ನಾಥನ ಗುಡಿಯ ಬಾಗಿಲು ಮುಚ್ಚಿತ್ತಂತೆ. ಆಗ ಅವರು ದೇವರನ್ನೇ ಗದರಿದರಂತೆ: ದೊಡ್ಡಸ್ತಿಕೆಯ ಮದದಲ್ಲಿ ನನ್ನನ್ನು ಕಡೆಗಣಿಸುತ್ತೀಯಾ? ಬೌದ್ಧರು ಎದುರಿಗೆ ಬಂದು ನಿಂತಾಗ ನಿನ್ನ ಇರವು ನನ್ನ ಕೈಯಲ್ಲಿದೆ, ನೆನಪಿರಲಿ. ಈ ಕಥೆಯನ್ನು ಪಂಡಿತರ ಗರ್ವಕ್ಕೆ ಉದಾಹರಣೆಯಾಗಿ ಹೇಳುವುದುಂಟು. ನನಗೆ ಅದರಲ್ಲಿ ಮನೆಮಂದಿಯ ಸಲಿಗೆ ಕಾಣುತ್ತದೆ. ಏಕೆಂದರೆ ಅದೇ ಉದಯನರು ಗ್ರಂಥದ ಮೊದಲಲ್ಲೇ, ಈ ತರ್ಕದ ಚರ್ಚೆ ನನ್ನ ಪಾಲಿಗೆ ಉಪಾಸನೆಯೇ ಎಂಬ ಮಾತು ಹೇಳುತ್ತಾರೆ.

ಗ್ರಂಥದ ಕೊನೆಗೆ ಬಂದಾಗ ಅವರು ಮಾಡುವ ಪ್ರಾರ್ಥನೆಯನ್ನು ನನ್ನ ಮಾತಿನಲ್ಲಿ ಆ ಹುಡುಗನಿಗೆ ಹೇಳಿದೆ. ಇಷ್ಟೆಲ್ಲ ಶ್ರುತಿ, ಇಷ್ಟೆಲ್ಲ ಯುಕ್ತಿಯ ನೀರಿನಿಂದ ತೊಳೆದರೂ ಯಾರ ಎದೆಯಲ್ಲಿ ನಿನಗೆ ಜಾಗ ಸಿಗಲಿಲ್ಲವೋ ಅವರ ಎದೆ ಕಲ್ಲಿನಂಥದು. ಆದರೂ ದಯಾಳುವೇ, ನಿನ್ನನ್ನು ಇಲ್ಲವೆನ್ನುವುದಕ್ಕಾಗಿ ಅವರು ಹಗಲಿರುಳೂ ನಿನ್ನನ್ನೇ ಚಿಂತಿಸಿದರು. ಕಾಲ ಬಂದಾಗ ಅವರನ್ನೂ ನೀನೇ ಕೃಪೆಯಿಂದ ಕಾಪಾಡು.

ಹುಡುಗ ಏನೂ ಹೇಳಲಿಲ್ಲ. ಹೊರಡುವಾಗ ಜಗಲಿಯ ಅಂಚಿನಲ್ಲಿದ್ದ ಒಂದು ಗಡಿಗೆಯನ್ನು ಎತ್ತಿಕೊಂಡು, ಬೆರಳಿನಿಂದ ಬಡಿದು, ಕಿವಿಯ ಹತ್ತಿರ ಹಿಡಿದು ನಿಂತಿದ್ದ.